ಅಳಿಸಿದ ಬೊಟ್ಟು

“ಸರ್, ಮೂಲ್ಯಾಗಿನ ಕಾಡಿಗಿ ಬೊಟ್ಟಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ,” ಎಂದಳು ದ್ರೌಪತಿ. “ಮಂತ್ರಿಸಿದ್ದದ. ಚಿತ್ರಕ್ಕ ಬಿದ್ದ ಕೆಟ್ಟ ಕಣ್ಣು ಅದರಾಗ ಇಂಗ್ತದ. ಬೊಟ್ಟಿಲ್ಲಂದ್ರ ನೋಡಿದವ್ರ ಕಣ್ಣಿಗೇ ಹೊಳ್ಳಿ ಹೋಗ್ತದ.”

“ಚಿತ್ರ ಏನು ತೊಟ್ಲಾಗಿನ ಕೂಸೇನವ್ವಾ, ದೃಷ್ಟಿಬೊಟ್ಟು ಇಡಾಕ?” ಎಂದು ನಕ್ಕು, ಸತೀಶಕುಮಾರ ಹಾಳೆಯನ್ನು ಚೀಲಕ್ಕೆ ಇಳಿಸಿದ. ಹುಮನಾಬಾದಿಗೆ ವರ್ಗವಾಗಿ ಬಂದು ಇನ್ನೂ ತಿಂಗಳಾಗದ ಡ್ರಾಯಿಂಗ್ ಮಾಸ್ತರ ಅವನು.

ಚಿತ್ರ ದ್ರೌಪತಿಯ ಮಗಳು, ಅವನ ಶಾಲೆಯ ಸರಿತಾಳದು. ಮುಡಬಿಯ ಎರೆಹೊಲದ ಬದುವಿನ ಮೂರು ಜಾಲಿಗಿಡ, ಬರೀ ಪೆನ್ಸಿಲ್ಲಿನಲ್ಲಿ. ಎಲೆಯಿಲ್ಲ, ತೊಗಟೆಯಿಲ್ಲ, ಕಾಂಡಕ್ಕೊಂದು ಗೆರೆ, ಗಾಳಿಗೆ ನಾಲ್ಕು ಗೆರೆ, ಉಳಿದದ್ದೆಲ್ಲ ಖಾಲಿ ಹಾಳೆ. ಆದರೂ ಮುಳ್ಳು ಚುಚ್ಚುತ್ತಿತ್ತು. ಬಸವಕಲ್ಯಾಣದ ಪ್ರದರ್ಶನಕ್ಕೆ ಅದು ಆಯ್ಕೆಯಾಗಿತ್ತು; ಸತೀಶಕುಮಾರನ ದೊಡ್ಡ ಬಣ್ಣದ ಚಿತ್ರ ವಾಪಸ್ ಬಂದಿತ್ತು. ಚೌಕಟ್ಟು ಹಾಕಿಸಿ ಕೊಡುತ್ತೇನೆಂದು ಮುಡಬಿಯ ಅವರ ಮನೆಯಿಂದ ಹಾಳೆ ತಂದನೇನೋ ನಿಜ, ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಇಪ್ಪತ್ತು ವರ್ಷ ಕೈ ಸವೆಸಿದರೂ ತನಗೆ ಒಲಿಯದ ಗೆರೆ ಕೂಲಿಯವಳ ಮಗಳಿಗೆ ಒಲಿದಿತ್ತು.

ಬಾಡಿಗೆ ಕೋಣೆಯಲ್ಲಿ ಮಟಮಟ ಮಧ್ಯಾಹ್ನ. ಕಿಟಕಿಯಿಂದ ಕಾರ್ಖಾನೆಗಳ ಘಾಟು. ರಬ್ಬರು ತೆಗೆದ. ಗೆರೆ ಅಳಿಸಿದರೆ ಸಿಕ್ಕಿಬೀಳುತ್ತೇನೆಂಬ ಭಯ. ಇಂಥದ್ದನ್ನೆಲ್ಲ ನಂಬದವನು ಆ ಗಳಿಗೆಯಲ್ಲಿ ಮಾತ್ರ ನಂಬಲು ಬಯಸಿದ. ಬೀಳಲಿ ನನ್ನ ಕಣ್ಣು, ಒಣಗಲಿ ಈ ಗಿಡ ಎನ್ನುತ್ತ ಬೊಟ್ಟನ್ನು ಉಜ್ಜಿದ. ಹರಡಬೇಕಾಗಿದ್ದ ಕಾಡಿಗೆ ಕಲೆಯೂ ಉಳಿಯದಂತೆ ಹೋಯಿತು. ರಬ್ಬರಿಗೂ ಹತ್ತಿರಲಿಲ್ಲ.

ಘಾಟಿನ ನಡುವೆ ಸುಟ್ಟ ಬತ್ತಿಯ ವಾಸನೆ ಬಂತು. ಒಣ ಜಾಲಿಕಾಯಿ ಗಲಗಲ ಅಂದವು. ಕೋಣೆಯೊಳಗೇ. ಹಾಳೆಯ ಮೇಲೆ ಸಾಸಿವೆಯಷ್ಟು ಕಪ್ಪು. ಊದಿದ. ಹೋಗಲಿಲ್ಲ. ಗೋಡೆ ನೋಡಿದ. ಅಲ್ಲೂ ಇತ್ತು. ಅಂಗೈಯ ಮೇಲೂ. ಕಣ್ಣು ಉಜ್ಜಿಕೊಂಡ. ಕಡಲೆಯಷ್ಟಾಯಿತು. ಮತ್ತೆ ಉಜ್ಜಿದ. ರೊಟ್ಟಿಯಷ್ಟಾಯಿತು.

ಚಿತ್ರ ಹಿಡಿದು ಮುಡಬಿಯ ಆಟೊ ಹತ್ತಿದ. ಇಳಿಯುವಾಗ ನೆಲ ಕಾಣದೆ ಮುಗ್ಗರಿಸಿದ. ದ್ರೌಪತಿ ಹಾಳೆಯ ಮೂಲೆ ನೋಡಿ, ಅಲ್ಲಿ ಹೊಸ ಬೊಟ್ಟಿಟ್ಟಳು.

“ನನಗೂ ಏನರ ಮಾಡವ್ವಾ!” ಅವನು ಅಳುತ್ತಿದ್ದ.

“ಹಾಳಿಗಿ ಇಡಾಕ ಬರ್ತದ್ರಿ ಸರ್. ಕಣ್ಣಾಗಿಂದು ತಗಿಯಾಕ ನನಗ ಬರಂಗಿಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ಉಳಿದ ಬೆಳಕೂ ಮುಚ್ಚಿತು. ಅವಳ ಮುಖ ಹೋಯಿತು. ತನ್ನ ಕೈ ಹೋಯಿತು. ಆ ಕತ್ತಲಲ್ಲಿ ಬೆಳ್ಳಗೆ ಮೂರು ಗೆರೆ ಎದ್ದವು. ಆಮೇಲೆ ಗಾಳಿಯ ನಾಲ್ಕು. ರೆಪ್ಪೆ ಮುಚ್ಚಿದ, ಹೋಗಲಿಲ್ಲ. ಇನ್ನು ಸಾಯುವ ತನಕ ಅವನು ನೋಡಬೇಕಾದದ್ದು ಆ ಮೂರು ಗಿಡಗಳನ್ನೇ. ಬಲು ಚಂದ ಬರೆದಿದ್ದಳು ಹುಡುಗಿ.