ಹದಿನಾಲ್ಕು ಮೀಟರ್ ಹಿಂದೆ ಸರಿದ ಕಂಬಗಳು

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸೈಟ್ ಮ್ಯಾನೇಜರ್ ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಠಾಣೆ ಇದ್ದದ್ದು ಒಂದು ಮಾದರಿ ಮನೆಯಲ್ಲಿ. ಐದು ವರ್ಷದ ಹಿಂದೆ ಬರೀ ಮರಳಾಗಿದ್ದ ಈ ಕಡಲ ದಂಡೆಯಲ್ಲಿ ಈಗ ನಾಲ್ಕು ಸಾವಿರ ಮನೆಗಳು, ಎರಡು ಪಾಳಿಯಲ್ಲಿ ನಡೆಯುವ ಶಾಲೆ, ಊರುಗೋಲಿನ ಮೇಲೆ ನಿಂತ ಎಳೆಯ ಮರಗಳು. ನಕ್ಷೆ ಬರೆದವರು ಸೈಕಲ್ ನಿಲ್ಲಿಸುವುದಕ್ಕೂ ಜಾಗ ಬಿಟ್ಟಿದ್ದರು, ಪೊಲೀಸರನ್ನು ಮಾತ್ರ ಮರೆತಿದ್ದರು. ಕೊನೆಗೆ ಗಿರಾಕಿಗಳಿಗೆ ತೋರಿಸಲು ಕಟ್ಟಿದ್ದ ಮನೆಯನ್ನೇ ಕೊಟ್ಟು ಕೈ ತೊಳೆದುಕೊಂಡರು. ಹಾಗಾಗಿ ಲಾಕಪ್ಪು ಮಕ್ಕಳ ಕೋಣೆಯಲ್ಲಿತ್ತು. ಗೋಡೆಯ ಮೇಲಿನ ಆನೆಮರಿಗಳಿಗೆ ಸುಣ್ಣ ಬಳಿಯಲು ಬರೆದ ಅರ್ಜಿ ಇನ್ನೂ ಮೇಲಿನ ಕಚೇರಿಯಲ್ಲಿ ನಿದ್ದೆ ಹೊಡೆಯುತ್ತಿತ್ತು.

"ಕಂಬ ಕಿತ್ತಿದ್ದಾರೆ ಮೇಡಂ," ಎಂದರು ಮ್ಯಾನೇಜರ್. "ಉಬ್ಬರದ ಗುರುತಿನ ಕಂಬ. ಒಂಬತ್ತಕ್ಕೆ ಒಂಬತ್ತೂ."

"ಕದ್ದಿದ್ದಾರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಕದ್ದಿದ್ರೆ ಚೆನ್ನಾಗಿತ್ತು. ಕಿತ್ತು ಮನೆಗಳ ಕಡೆಗೆ ತಂದು ನೆಟ್ಟಿದ್ದಾರೆ."

ವಿಷಯ ಇಷ್ಟು. ಸಮುದ್ರದ ನೀರು ಅತಿ ಹೆಚ್ಚು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಸರ್ಕಾರದ ಒಪ್ಪಿಗೆಯಿಂದ ಕೆಂಪು ಕಂಬ ನೆಡುತ್ತಾರೆ. ಅಲ್ಲಿಂದ ಐವತ್ತು ಮೀಟರಿನೊಳಗೆ ಮನೆ ಕಟ್ಟುವಂತಿಲ್ಲ. ದಂಡೆಯ ಮುಂದಿನ ಸಾಲಿನ ಇಪ್ಪತ್ತೆರಡು ಮನೆಗಳು ಕಂಬದಿಂದ ಐವತ್ತಮೂರು ಮೀಟರ್ ದೂರದಲ್ಲಿದ್ದವು. ಈಗ ಮೂವತ್ತೊಂಬತ್ತು. ಶುಕ್ರವಾರ ಕಡಲತೀರ ಇಲಾಖೆಯ ಅಧಿಕಾರಿ ಟೇಪು ಹಿಡಿದು ಬರುವವರಿದ್ದರು. ಅವರು ಸಹಿ ಹಾಕಿದರೆ ಶನಿವಾರ ಇಪ್ಪತ್ತೆರಡು ಸಂಸಾರಗಳಿಗೆ ಬೀಗದ ಕೈ. ಇಲ್ಲದಿದ್ದರೆ ಬಾಗಿಲಿಗೆ ಸೀಲು.

"ಯಾರ ಮೇಲಾದ್ರೂ ಅನುಮಾನ?"

"ನಮ್ಮ ಏಳಿಗೆ ಕಂಡ್ರೆ ಹೊಟ್ಟೆ ಉರಿಯೋರು ಒಬ್ರಾ ಇಬ್ರಾ? ಜಾಗದ ಮೇಲೆ ಎರಡು ಮಾತಿಲ್ಲ ಮೇಡಂ. ಅಳತೆ ಮಾಡಿದ ನಮ್ಮ ಅಳತೆ ಮೇಷ್ಟ್ರ ಮಗಳೇ ಹದಿನೇಳನೇ ಮನೆ ತಗೊಂಡಿದ್ದಾಳೆ. ಇನ್ನೇನು ಗ್ಯಾರಂಟಿ ಬೇಕು?"

ಗಡಿ ಗುರುತು ಸರಿಸಿದ ಅಪರಾಧಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂಕಾಲಕ್ಕೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ದಂಡೆಯಲ್ಲಿದ್ದರು. ಹೆಡ್ ಕಾನ್‌ಸ್ಟೇಬಲರನ್ನು ಇಡೀ ಊರು ಉದ್ದಣ್ಣ ಎನ್ನುತ್ತಿತ್ತು. ಮಾದರಿ ಮನೆಯ ಬಾಗಿಲುಗಳು ಅವರ ಹಣೆಯನ್ನು ಸಾಕಷ್ಟು ಪರಿಚಯ ಮಾಡಿಕೊಂಡಿದ್ದವು. ಇಬ್ಬರು ಪಂಚರನ್ನು ಕರೆದು ಪಂಚನಾಮೆ ಶುರು ಮಾಡಿದರು.

ಉದ್ದಣ್ಣ ಟೇಪು ಹಿಡಿದು ನಡೆದವರು ಹುಬ್ಬು ಗಂಟಿಕ್ಕಿದರು. "ಕಂಬ ಕಂಬಕ್ಕೂ ಇಪ್ಪತ್ತೈದು ಮೀಟರ್. ಬೆರಳಿನಷ್ಟೂ ಆಚೀಚೆ ಇಲ್ಲ. ಒಂದೂ ಓರೆಯಾಗಿಲ್ಲ. ಕಿಡಿಗೇಡಿ ಕೆಲಸ ಹೀಗಿರುತ್ತಾ ಮೇಡಂ?"

"ಒಂದನ್ನು ತೆಗೆಸಿ ನೋಡೋಣ."

ಮೂರನೇ ಕಂಬವನ್ನು ಪಂಚರ ಎದುರಿಗೆ ಕೀಳಿಸಿದರು. ಮೊಣಕಾಲೆತ್ತರದ ಹಗುರ ಕಂಬ, ಒಬ್ಬನೇ ಎತ್ತಬಹುದು. ಗುಂಡಿಯ ತಳದಲ್ಲಿ ಒಡೆದ ಹೆಂಚಿನ ಚೂರು ಒಂದು ಹಿಡಿಯಷ್ಟು ಸಿಕ್ಕಿತು. ಕಸ ಎಂದು ಪಂಚರೊಬ್ಬರು ಎಸೆಯಲು ಹೋದರು. ಉದ್ದಣ್ಣ ಗಬಕ್ಕನೆ ಅವರ ಕೈ ಹಿಡಿದರು.

"ನಮ್ಮಪ್ಪ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೀತಿದ್ರು ಮೇಡಂ. ಕಲ್ಲು ನೆಡೋ ಮುಂಚೆ ಅಡಿಗೆ ಹೆಂಚೋ ಇದ್ದಿಲೋ ಹಾಕೋರು. ನಾಳೆ ಯಾರಾದ್ರೂ ಕಲ್ಲು ಕಿತ್ರೂ ಅಗೆದು ನೋಡಿದ್ರೆ ಜಾಗ ಸಿಗಲಿ ಅಂತ. ಈಗಿನೋರಿಗೆ ಗೊತ್ತೇ ಇಲ್ಲ, ಎಲ್ಲಾ ಯಂತ್ರ."

ಕಂಬ ಮೊದಲಿದ್ದ ಜಾಗವನ್ನೂ ಅಗೆಸಿದರು. ಒಂದೂವರೆ ಅಡಿ ಕೆಳಗೆ ಅದೇ ಬಗೆಯ ಹೆಂಚಿನ ಚೂರು. ಎರಡನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಮೊಹರು ಮಾಡಿದರು. ಕಂಬ ನೆಟ್ಟ ಅಳತೆ ಮೇಷ್ಟ್ರೇ ಕಿತ್ತಿದ್ದಾರೆ ಎಂಬುದು ಅಲ್ಲಿಗೆ ಹೆಚ್ಚುಕಡಿಮೆ ಖಚಿತವಾಯಿತು. ಆದರೆ ಯಾಕೆ? ಸ್ವಂತ ಮಗಳ ಮನೆಗೆ ತಾನೇ ಕಲ್ಲು ಹಾಕುವ ಅಪ್ಪ ಎಲ್ಲಿಯಾದರೂ ಉಂಟೇ?

ಮಂಗಳವಾರ ಮೂರು ಗಂಟೆಗೆ ದಂಡೆಯ ಕಾವಲು ಗೋಪುರದಲ್ಲಿದ್ದ ಈಜು ರಕ್ಷಕನನ್ನು ವಿಚಾರಿಸಿದರು.

"ಭಾನುವಾರ ಇಲ್ಲಿ ಯಾರಿದ್ರು?"

"ಯಾರೂ ಇಲ್ಲ ಮೇಡಂ. ಕಂಪನಿಗೆ ರಜೆ ಅಲ್ವಾ?"

"ಒಬ್ಬರೂ ಬರಲಿಲ್ವಾ?"

"ಒಬ್ಬರೂ ಇಲ್ಲ. ಅಳತೆ ಮೇಷ್ಟ್ರು ಬೆಳಿಗ್ಗೆಯಿಂದ ಸಂಜೆ ತನಕ ಕೆಲಸ ಮಾಡ್ತಿದ್ರು, ಅಷ್ಟೇ. ನಾನೇ ನೀರು ಕೊಟ್ಟೆ."

ಉದ್ದಣ್ಣನಿಗೆ ನಗು ತಡೆಯಲಾಗಲಿಲ್ಲ. ರಕ್ಷಕ ಮುಖ ಸಣ್ಣದು ಮಾಡಿಕೊಂಡು, "ಕಂಬ ಅಲ್ಲಿಟ್ಟಿದ್ದೇ ಒಳ್ಳೇದಾಯ್ತು ಬಿಡಿ," ಎಂದ. "ನಾಳೆ ಅಮಾವಾಸ್ಯೆ. ಮಧ್ಯಾಹ್ನ ಬಂದು ನೋಡಿ, ಹಳೇ ಜಾಗ ಇರುತ್ತಾ ಅಂತ."

ಬುಧವಾರ ಹನ್ನೆರಡೂ ಇಪ್ಪತ್ತಕ್ಕೆ ಪಂಚರೊಂದಿಗೆ ಅವರು ಅಲ್ಲಿ ನಿಂತಿದ್ದರು. ಗಾಳಿಯಿಲ್ಲ, ಅಬ್ಬರವಿಲ್ಲ. ನೀರು ತನ್ನ ಪಾಡಿಗೆ ತಾನು ಏರಿ ಬಂತು, ಹಳೆಯ ಗುಂಡಿಗಳನ್ನು ಒಂದೊಂದಾಗಿ ತುಂಬಿತು, ಮುಂದೆ ಸರಿಯಿತು. ಹೊಸ ಕಂಬಗಳು ಇನ್ನೆರಡೇ ಹೆಜ್ಜೆ ಇರುವಾಗ ನಿಂತು, ಹಾಗೇ ಹಿಂದಕ್ಕೆ ಹೋಯಿತು. ಹುಚ್ಚೆದ್ದ ಮಳೆಗಾಲದಲ್ಲಿ ಇದೇ ನೀರು ಎಲ್ಲಿಗೆ ಹೋಗಬಹುದು ಎಂದು ಇನ್ಸ್‌ಪೆಕ್ಟರ್ ಮುಂದಿನ ಸಾಲಿನ ಹೊಳೆಯುವ ಕಿಟಕಿಗಳನ್ನೇ ನೋಡಿದರು. ಎರಡನೇ ಪಂಚನಾಮೆ ಬರೆಯುವಾಗ ಯಾರೂ ತಮಾಷೆ ಮಾಡಲಿಲ್ಲ.

ಗುರುವಾರ ಒಂಬತ್ತೂವರೆಗೆ ಕಂಪನಿಯ ತಗಡಿನ ಶೆಡ್ಡಿಗೆ ಹೋದರು. ಅಳತೆ ಮೇಷ್ಟ್ರು ಮೂರು ಕಾಲಿನ ಸ್ಟ್ಯಾಂಡಿಗೆ ಎಣ್ಣೆ ಹಾಕುತ್ತಿದ್ದರು. ಐವತ್ತೆಂಟರ ಸಣಕಲು ಮನುಷ್ಯ. ಪೊಲೀಸರನ್ನು ನೋಡಿ ಅವರು ಗಾಬರಿಯಾಗಲಿಲ್ಲ, ಕೂರಲು ಇದ್ದ ಒಂದೇ ಸ್ಟೂಲನ್ನು ಇನ್ಸ್‌ಪೆಕ್ಟರ್ ಕಡೆ ತಳ್ಳಿದರು.

"ಕಂಬ ಸರಿಸಿದ್ದು ನೀವೇನಾ?"

"ನಾನೇ."

"ಕದ್ದು ಮಾಡೋ ಕೆಲಸದಲ್ಲೂ ಅಡಿಗೆ ಹೆಂಚು ಹಾಕಿದ್ದೀರಲ್ಲ ಮೇಷ್ಟ್ರೇ?" ಉದ್ದಣ್ಣ ಕೇಳಿದರು.

"ಹಾಕದೆ ನೆಟ್ಟು ಅಭ್ಯಾಸ ಇಲ್ಲಪ್ಪ."

"ಯಾಕೆ ಸರಿಸಿದ್ರಿ?"

"ಅಲ್ಲಿರಬೇಕಾದ ಕಂಬ ಅದು. ಮೂವತ್ತೊಂದು ವರ್ಷದಲ್ಲಿ ತಪ್ಪಿದ್ದು ಒಂದೇ ಅಳತೆ. ಹುಣ್ಣಿಮೆಗೋ ಅಮಾವಾಸ್ಯೆಗೋ ಅಳೀಬೇಕು. ಆಗಲೇ ದೊಡ್ಡ ಉಬ್ಬರ. ನಾನು ಅಷ್ಟಮಿ ದಿನ ಅಳೆದೆ. ಅವತ್ತು ನೀರು ಸೋಮಾರಿ, ಅರ್ಧಕ್ಕೇ ನಿಲ್ಲುತ್ತೆ. ಉಳಿದಿದ್ದನ್ನು ಅಂದಾಜಿಗೆ ಸೇರಿಸಿ ಸಹಿ ಹಾಕಿದೆ."

"ಒಂದು ವಾರ ಕಾಯಬಹುದಿತ್ತು."

"ಅವಸರ ಇತ್ತು."

"ಏನು ಅವಸರ?"

"ಸ್ವಂತ ಕೆಲಸ." ಅದಕ್ಕಿಂತ ಹೆಚ್ಚಿಗೆ ಅವರು ಬಾಯಿ ಬಿಡಲಿಲ್ಲ.

"ಮ್ಯಾನೇಜರಿಗೆ ಹೇಳಬಹುದಿತ್ತಲ್ಲ?"

"ಹೇಳಿದೆ. ಫೈಲು ತೆಗೆಸಿದ್ರು. ನನ್ನ ಸಹಿ ನನಗೇ ತೋರಿಸಿ, ನಿಮ್ಮ ಅಳತೆ ಯಾವಾಗ ತಪ್ಪಾಗಿದೆ ಮೇಷ್ಟ್ರೇ ಅಂತ ಬೆನ್ನು ತಟ್ಟಿ ಕಳಿಸಿದ್ರು. ಶನಿವಾರ ನನ್ನ ಮಗಳು ಆ ಮನೆಗೆ ಹೋಗ್ತಾಳೆ, ಮಗು ಕರ್ಕೊಂಡು. ಶುಕ್ರವಾರದ ಅಧಿಕಾರಿ ಕಂಬ ನೋಡ್ತಾನೆ ಹೊರತು ಕಡಲು ನೋಡಲ್ಲ. ಅದಕ್ಕೇ ಕಂಬ ಸರಿಸಿದೆ."

ಹತ್ತೂವರೆಗೆ ದಸ್ತಗಿರಿ ಮಾಡಿದರು. ಹೊರಡುವ ಮುಂಚೆ ಮೇಷ್ಟ್ರು ಉಪಕರಣಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿ, ಬೀಗದ ಕೈಯನ್ನು ಉದ್ದಣ್ಣನಿಗೆ ಕೊಟ್ಟರು. ಠಾಣೆಗೆ ಬಂದ ಕೂಡಲೇ ಇನ್ಸ್‌ಪೆಕ್ಟರ್ ಎರಡೂ ಪಂಚನಾಮೆಗಳ ಪ್ರತಿಯನ್ನು ತೀರ ಇಲಾಖೆಗೆ ಕಳಿಸಿದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಹುಣ್ಣಿಮೆಯಂದು ಮರು ಅಳತೆ, ಅಲ್ಲಿಯವರೆಗೆ ಮುಂದಿನ ಸಾಲಿನ ಯಾವ ಮನೆಯನ್ನೂ ಯಾರಿಗೂ ಒಪ್ಪಿಸಬಾರದು. ಮ್ಯಾನೇಜರ್ ಫೋನಿನಲ್ಲಿ ಕೂಗಾಡಿದರು. ಇನ್ಸ್‌ಪೆಕ್ಟರ್ ಫೋನನ್ನು ಕಿವಿಯಿಂದ ದೂರ ಹಿಡಿದು ಕೇಳಿಸಿಕೊಂಡರು.

ದಸ್ತಗಿರಿಯ ವಿಷಯ ಮನೆಯವರಿಗೆ ತಿಳಿಸಿ ಸಹಿ ಪಡೆಯಬೇಕು. ಹನ್ನೆರಡು ಗಂಟೆಗೆ, ಬೆಳಗಿನ ಪಾಳಿ ಮುಗಿಸಿ, ಶಾಲೆಯಲ್ಲಿ ಟೀಚರ್ ಆಗಿದ್ದ ಮಗಳು ಬಂದಳು. ಸಿಟ್ಟಿನಿಂದ ಅವಳ ಮುಖ ಕೆಂಪಗಾಗಿತ್ತು.

"ನನಗೊಂದು ಮಾತು ಹೇಳಬಾರದಿತ್ತಾ ಅಪ್ಪ? ನಾನೇ ಬೇಡ ಅಂತಿದ್ದೆ ಆ ಮನೆ."

"ಹೇಳೋಣ ಅಂತ ಮೂರು ಸಲ ಬಂದೆ ಕಣಮ್ಮ. ಮೂರು ಸಲವೂ ನೀನು ಯಾರಿಗೋ ಹೇಳ್ತಾ ಇದ್ದೆ, ನಮ್ಮಪ್ಪ ಅಳೆದ ಜಾಗ, ಕಣ್ಣು ಮುಚ್ಚಿಕೊಂಡು ತಗೋಬಹುದು ಅಂತ. ನಾನು ಕಾಫಿ ಕುಡಿದು ವಾಪಸ್ ಹೋದೆ."

ಇನ್ಸ್‌ಪೆಕ್ಟರ್ ಹೇಳಿಕೆಯನ್ನೂ ದಸ್ತಗಿರಿ ಪತ್ರವನ್ನೂ ಅವಳ ಮುಂದಿಟ್ಟರು. ಇದು ಜಾಮೀನು ಸಿಗುವ ಅಪರಾಧ, ಸಂಜೆಗೆ ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರು.

"ಓದಿ ಸಹಿ ಹಾಕು," ಎಂದರು ಮೇಷ್ಟ್ರು.

ಅವಳು ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅಳತೆ ಮಾಡಿದ ತಾರೀಕಿನ ಹತ್ತಿರ ಬೆರಳು ನಿಂತಿತು.

"ಮಾರ್ಚ್ ಹದಿನಾಲ್ಕು," ಎಂದಳು. "ಅವತ್ತು ನಾನು ಆಸ್ಪತ್ರೆಯಲ್ಲಿದ್ದೆ. ಹೆರಿಗೆ ನೋವು ತಡೆಯೋಕಾಗದೆ ನಿನಗೆ ಫೋನ್ ಮಾಡಿ ಅತ್ತುಬಿಟ್ಟೆ. ಎಲ್ಲಾ ಬಿಟ್ಟು ಈಗಲೇ ಬಾ ಅಪ್ಪ ಅಂದೆ."

"ಅದೆಲ್ಲ ಅದರಲ್ಲಿ ಬರೆಸಿಲ್ಲ."

"ಮಧ್ಯಾಹ್ನಕ್ಕೇ ಬಂದುಬಿಟ್ಟೆ ನೀನು. ಅಷ್ಟು ಬೇಗ ಹೇಗೆ ಬಂದೆ ಅಂತ ನಾನು ಕೇಳಲೇ ಇಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಮಗಳ ಕೈಗೆ ಕೊಟ್ಟರು. ಅವಳು ಸಹಿ ಹಾಕಿದಳು, ಸಂಬಂಧ ಎಂದಿದ್ದ ಕಡೆ ಮಗಳು ಎಂದು ಬರೆದಳು. ಹೇಳಿಕೆಯಲ್ಲಿದ್ದ 'ಸ್ವಂತ ಕೆಲಸ' ಎಂಬ ಎರಡು ಪದಗಳನ್ನು ಬಿಡಿಸಿ ಬರೆಯಬೇಕೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಬೇಡ, ಅಷ್ಟೇ ಇರಲಿ ಎಂದರು ಮೇಷ್ಟ್ರು.