ಮೂರು ಸಲ ಬಂದ ಹೆಸರು

ಕದ್ದಿರಬಹುದು. ಕದ್ದಿರಲಿಕ್ಕಿಲ್ಲ. ಖಾಲಿ ಕಪಾಟಿನ ಮುಂದೆ ನಿಂತ ಎ.ಎಸ್.ಐ. ಬಸಲಿಂಗಪ್ಪ ಎರಡನ್ನೂ ನಂಬಿದ, ಎರಡನ್ನೂ ಬಿಟ್ಟ. ನಿವೃತ್ತಿಗೆ ಐದು ತಿಂಗಳಿತ್ತು. ಅನುಮಾನ ಪಡುವುದಕ್ಕೂ ಮೈಯಲ್ಲಿ ಕಸುವು ಬೇಕು.

ಹಿಂದವಾಡಿಯ ಆ ಮನೆಯಲ್ಲಿ ಕಳೆದದ್ದು ಬಂಗಾರವಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟು. ನಿವೃತ್ತ ಪ್ರಾಧ್ಯಾಪಕ ಮಧುಕರ ಹನ್ನೊಂದು ವರ್ಷ ಕೂತು ಬರೆದ ನಾರ್ವೆಯ ಮಂತ್ರಿಮಂಡಲಗಳ ಇತಿಹಾಸ.

"ಕೀಲಿ ಎಲ್ಲಿ ಇಡತೀರಿ, ಸರ್?"

"ಆ ಮೊಳೀಗೆ. ಎಲ್ಲಾರಿಗೂ ಕಾಣತದ. ನಿಮ್ಮ ಹೆಸರೇನಂದ್ರಿ?"

"ಬಸಲಿಂಗಪ್ಪ."

"ಸೋಮವಾರ ಟೈಪ್ ಮಾಡೋ ನಜ್ಮುನ್ನಿಸಾ ಬಂದಿದ್ಲು. ಆಕಿ ಬಿಟ್ಟು ಯಾರೂ ಬಂದಿಲ್ಲ. ಕೇಸ್ ಹಾಕ್ರಿ."

ಅವರ ಪತ್ನಿ ಕುಂದಾ ಚಹಾ ತಂದಿಟ್ಟರು. ಒಳಗೆ ಹೋದರು.

*

ವಡಗಾವಿಯ ಓಣಿ. ಮಗ್ಗಗಳ ಸದ್ದಿನ ನಡುವೆ ಒಂದೇ ಕಂಪ್ಯೂಟರಿನ ಅಂಗಡಿ.

"ಆ ನಾರ್ವೆ ಪುರಾಣ ಕದ್ದು ಯಾರಿಗೆ ಮಾರ್ಲಿ, ಸಾಹೇಬ್ರ?" ಎಂದಳು ನಜ್ಮುನ್ನಿಸಾ. "ಗಿರಮಿಟ್ ಚುರುಮುರಿ ಕಟ್ಟಾಕೂ ಬರೂದಿಲ್ಲ, ಶಾಯಿ ಹತ್ತತೈತಿ."

ಬಸಲಿಂಗಪ್ಪ ನಕ್ಕ. ಅವಳು ನಗಲಿಲ್ಲ.

"ಆರು ಸಾಲಿ ಪ್ರಶ್ನಿಪತ್ರಿಕಿ ನನ್ನ ಕಡೆ ಟೈಪ್ ಆಗತಾವ. ಕಳ್ಳಿ ಅಂತ ಒಮ್ಮಿ ಹೆಸರು ಬಿದ್ದರ ಯಾವ ಸಾಲಿಯವರು ನಂಬಿ ಕೊಡತಾರ?"

"ಪುಸ್ತಕ ಎಲ್ಲೀತನಕ ಟೈಪ್ ಮಾಡಿದಿ, ತಂಗಿ?"

"1951ರ ತನಕ. ಗೆರ್ಹಾರ್ಡ್‌ಸೆನ್ ಅಂತ ಒಬ್ಬ ಪ್ರಧಾನಿ. ಯುದ್ಧ ಮುಗಿದ ಮ್ಯಾಲೆ ಬಂದ, ಆರು ವರ್ಷ ಆಳಿ ಕುರ್ಚಿ ಬಿಟ್ಟ. ಮುಂದಿಂದು ಸರ್ ರವಿವಾರ ಮುಗಿಸಿದ್ರು. ಸೋಮವಾರ ತರಾಕ ಹೋದೆ, ಮಲಗಿದ್ರು. ಪಡಸಾಲ್ಯಾಗ ಐದು ಮಿನಿಟ್ ಕುಂತು ಹೊಳ್ಳಿ ಬಂದೆ."

ಕ್ಯಾಂಪ್ ಬಡಾವಣೆಯ ರದ್ದಿ ಅಂಗಡಿಯಲ್ಲೂ ಕೆಂಪು ಗಂಟೊಂದು ಇದೆಯೆಂದು ಸುದ್ದಿ ಬಂತು. ಬಿಚ್ಚಿದರೆ ಹಳೆಯ ಪಂಚಾಂಗಗಳು. "ನನ್ನ ಕಡೆ ನಾರ್ವೆ ಇಲ್ರೀ," ಎಂದ ಅಂಗಡಿಯ ಮದಾರಸಾಬ. "ಹತ್ತನೇತ್ತೆ ಗೈಡ್ ಅದಾವ, ಒಯ್ರಿ."

*

ಮರುದಿನ ಹಿಂದವಾಡಿಯಲ್ಲಿ ಮಧುಕರ ಒಳಕೋಣೆಯಿಂದ ಇಣುಕಿದರು. "ಪೊಲೀಸರೇನು? ನಿಮ್ಮ ಹೆಸರೇನಂದ್ರಿ?" ಬಸಲಿಂಗಪ್ಪ ಹೇಳಿದ. ಅವರು ತಲೆಯಾಡಿಸಿ ಒಳಗೆ ಹೋದರು.

ಕುಂದಾ ದನಿ ತಗ್ಗಿಸಿದರು. "ಆ ಹುಡುಗಿ ಮ್ಯಾಲೆ ಕೇಸ್ ಬ್ಯಾಡ್ರಿ. ಹೋದದ್ದು ಹೋತು. ಪುಸ್ತಕ ಬರದಿದ್ರನ ಛಲೋ, ಜನಾ ನಗತಾರ. ಒಬ್ಬನ್ನ ಮೂರು ಸಲ ಪ್ರಧಾನಿ ಮಾಡ್ಯಾರ. ನಡುವ ನಾಕ ವಾರದ್ದೊಂದು ಸರ್ಕಾರ ಅಂತ. ನಾಕ ವಾರದಾಗ ಉಪ್ಪಿನಕಾಯಿನೂ ಮಾಗೂದಿಲ್ಲ."

ಬಸಲಿಂಗಪ್ಪ ಚಹಾದ ಕಪ್ಪು ಕೆಳಗಿಟ್ಟ. "ನೀವು ಓದೀರೇನು, ಅಕ್ಕಾರ?"

"ಇಲ್ರೀ. ಆ ಕಪಾಟು ನಾ ಮುಟ್ಟೂದಿಲ್ಲ."

"ಸೋಮವಾರ ಎಲ್ಲಿಗರ ಹೋಗಿದ್ರೇನು?"

"ಖಾನಾಪುರಕ್ಕ. ತಂಗಿ ಅನುರಾಧಾಗ ಮಿಠಾಯಿ ಕೊಡಾಕ, ಕುಂದಾ."

"ಕುಂದಾ ಕೊಡಾಕ ಕುಂದಾನ ಹೋದ್ರಿ."

ಅವರು ಕಪ್ಪು ಎತ್ತಿಕೊಂಡು ಒಳಗೆ ಹೋದರು.

*

"ಕುಂದಾ ಏನ್ರೀ?" ಎಂದರು ಖಾನಾಪುರದ ಅನುರಾಧಾ. "ಎಂಟು ವರ್ಷದಿಂದ ನನಗ ಸಕ್ಕರಿ ಬ್ಯಾನಿ. ಅಕ್ಕಗ ಗೊತ್ತೈತಿ. ಒಂದು ಗಂಟ ಇಟ್ಟು ಹೋದ್ಲು. ಬಿಚ್ಚಬ್ಯಾಡ ಅಂದಾಳ."

ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಕೆಂಪು ಬಟ್ಟೆ ಕಂಡಿತು.

*

ಸಂಜೆ ಹಿಂದವಾಡಿಯ ಪಡಸಾಲೆ, ಮೇಜಿನ ಮೇಲೆ ಆ ಕೆಂಪು ಗಂಟು. ಮಧುಕರ ತಿರುಗಾಡಲು ಹೋಗಿದ್ದರು. ಬಸಲಿಂಗಪ್ಪ ನಜ್ಮುನ್ನಿಸಾಳನ್ನೂ ಕರೆಸಿದ್ದ.

"ಈಕಿ ಟೈಪ್ ಮಾಡಿದ್ದರಾಗ ಆ ಪ್ರಧಾನಿ ಗೆರ್ಹಾರ್ಡ್‌ಸೆನ್ ಹೆಸರು ಬಂದದ್ದು ಒಂದ ಸಲ," ಎಂದ ಬಸಲಿಂಗಪ್ಪ. "ಉಳಿದ ಎರಡು ಸಲ, ಆ ನಾಕ ವಾರ, ಎಲ್ಲಾ ರವಿವಾರದ ಹಾಳ್ಯಾಗ ಇದ್ವು. ಗಂಟ ಬಿಚ್ಚಿದವರಿಗಷ್ಟ ಗೊತ್ತು. ಮತ್ತ ಸಕ್ಕರಿ ಬ್ಯಾನಿ ಇದ್ದವರಿಗೆ ಯಾರೂ ಕುಂದಾ ಒಯ್ಯೂದಿಲ್ಲ."

ಕುಂದಾ ಸೆರಗಿನ ಅಂಚನ್ನು ಮಡಚಿದರು, ಬಿಚ್ಚಿದರು.

"ನಮ್ಮವ್ವಗ ಮರವಿನ ಬ್ಯಾನಿ ಹಿಂಗ ಸುರು ಆಗಿತ್ತು. ಒಂದ ಹೆಸರು, ಮತ್ತ ಮತ್ತ. ಇವರದೂ ಹಂಗ ಆತು ಅನ್ನಿಸ್ತು. ಛಾಪಿಸಿ ನಾಕ ಮಂದ್ಯಾಗ ನಗಿಪಾಟಲ ಆಗೂದು ಬ್ಯಾಡಾಗಿತ್ತು. ಇವರು ಈಕಿ ಹೆಸರು ತಗೊಂಡಾಗ ಸುಮ್ಮನಿದ್ದೆ. ಅದು ನಂದ ತಪ್ಪು."

ನಜ್ಮುನ್ನಿಸಾ ಮೊಬೈಲಿನಲ್ಲಿ ಹುಡುಕಿ ಅವರ ಮುಂದೆ ಹಿಡಿದಳು. "1945, 1955, 1963. ಖರೇನ ಮೂರು ಸಲ ಬಂದಾನ, ಅಮ್ಮಾರ. ನಾಕ ವಾರದ ಸರ್ಕಾರನೂ ಖರೇ. ಅಲ್ಲಿ ನಡುವ ಚುನಾವಣಿ ಇಲ್ಲಂತ. ಇದ್ದ ಸಂಸತ್ತಿನ್ಯಾಗನ ಬೀಳೂದು, ಏಳೂದು."

ಕುಂದಾ ಆ ಅಂಕಿಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದರು.

ಮಧುಕರ ಬಂದರು. "ನಾನ ಒಯ್ದಿದ್ದೆ," ಎಂದರು ಕುಂದಾ. "ಈಕಿ ಅಲ್ಲ."

ಯಾಕೆಂದು ಮಧುಕರ ಕೇಳಲಿಲ್ಲ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. "ತಪ್ಪಾತವ್ವಾ, ನಜ್ಮುನ್ನಿಸಾ," ಎಂದರು. ಆಮೇಲೆ ಬಸಲಿಂಗಪ್ಪನತ್ತ ತಿರುಗಿದರು. "ಉಪಕಾರ ಆತು. ನಿಮ್ಮ ಹೆಸರೇನಂದ್ರಿ?"

"ಬಸಲಿಂಗಪ್ಪ, ಸರ್."

ಗೇಟಿನವರೆಗೆ ಕುಂದಾ ಹಿಂದೆಯೇ ಬಂದರು. "ಅಂದ್ರ ಅವರ ತಲಿ ನೆಟ್ಟಗೈತಿ. ಹೌದಲ್ಲರೀ?"

"ಪುಸ್ತಕದಾಗ ಒಂದೂ ತಪ್ಪಿಲ್ಲ, ಅಕ್ಕಾರ," ಎಂದ.

ಠಾಣೆಯಲ್ಲಿ ಬರೆದ: ವಸ್ತು ಸಿಕ್ಕಿದೆ, ದೂರು ಹಿಂಪಡೆಯಲಾಗಿದೆ.

ಎರಡು ದಿನಗಳಲ್ಲಿ ತನ್ನ ಹೆಸರನ್ನು ಮಧುಕರ ಮೂರು ಸಲ ಕೇಳಿದ್ದರೆಂದು ಬಸಲಿಂಗಪ್ಪ ಯಾರಿಗೂ ಹೇಳಲಿಲ್ಲ.