ಕಾಯಿಸಿದ ಹಾಲು

ಟೀ ಪಾತ್ರೆಯ ಅಂಚಿನಲ್ಲಿ ನೊರೆ ಎದ್ದಿತು. ಕಡ್ಡಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಇನ್ನೇನು ಹಾಲು ಉಕ್ಕಬೇಕು ಅನ್ನುವಷ್ಟರಲ್ಲಿ ಟಪ್ಪೆಂದು ಗ್ಯಾಸ್ ಆರಿಸಿದಳು.

“ಭೇಷ್!” ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹನ್ನೆರಡು ದಿನದಿಂದ ಹೀಗೇ. ಅವಳ ತಮ್ಮ, ಪಾಪು, ಎರಡೂವರೆ ತಿಂಗಳು ಮೊದಲೇ ಹುಟ್ಟಿಬಿಟ್ಟಿದ್ದ. ತೂಕ ಒಂದು ಕಿಲೋ ನೂರು ಗ್ರಾಂ. ಈಗ ಆಸ್ಪತ್ರೆಯ ಐಸಿಯುನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ಟ್ಯೂಬ್ ಹಾಕಿಸಿಕೊಂಡು ಮಲಗಿದ್ದ. ಕಡ್ಡಿ ಅವನನ್ನು ಅಪ್ಪನ ಫೋನಿನಲ್ಲಿ ಮಾತ್ರ ನೋಡಿದ್ದಳು. ತೆಳ್ಳಗಿದ್ದಾಳೆ ಅಂತ ಎಲ್ಲರೂ ಅವಳನ್ನು ಕಡ್ಡಿ ಅನ್ನುತ್ತಿದ್ದರು. ಪಾಪುವಿನ ಕಾಲು ನೋಡಿದ ಮೇಲೆ, ಆ ಹೆಸರು ಅವನಿಗೇ ಕೊಡಬೇಕು ಅನ್ನಿಸಿತ್ತು ಅವಳಿಗೆ.

ಅಮ್ಮ ಬೆಳಿಗ್ಗೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಡ್ಯೂಟಿ ಮುಗಿಸಿ ಮನೆಗೆ ಬಂದು, ಐಸ್ ಹಾಕಿದ ಡಬ್ಬಿ ತೆಗೆದುಕೊಂಡು ಮತ್ತೆ ಆಸ್ಪತ್ರೆಗೆ ಓಡುತ್ತಿದ್ದ. ಡಬ್ಬಿಯಲ್ಲಿ ಇರುವುದು ಅಮ್ಮನ ಎದೆಹಾಲು. ಪಾಪುವಿಗೆ ಇನ್ನೂ ಚೀಪಿ ಕುಡಿಯಲು ಬರುವುದಿಲ್ಲ. ಅದಕ್ಕೇ ಅಮ್ಮ ರಾತ್ರಿ ಎದ್ದೆದ್ದು ಪಂಪಿನಿಂದ ಹಾಲು ತೆಗೆದು, ಪುಟ್ಟ ಬಾಟ್ಲಿಗಳಿಗೆ ತುಂಬಿ ಫ್ರಿಜ್‌ನಲ್ಲಿಡುತ್ತಿದ್ದಳು. ಅದನ್ನು ಪಾಪುವಿಗೆ ಮರುದಿನ ಸಂಜೆಯಿಂದ ಕೊಡುತ್ತಿದ್ದರು.

ಅಪ್ಪ ಅಮ್ಮ ಇಬ್ಬರದೂ ಕೋಳಿನಿದ್ದೆ. ಯಾರಿಗೂ ಏನೂ ನೆನಪಿರುತ್ತಿರಲಿಲ್ಲ. ಮೊನ್ನೆ ಅಪ್ಪ ಶರ್ಟನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದ. ನಿನ್ನೆ ಪ್ಯಾಕೆಟ್ ಹಾಲು ಕಾಯಿಸುವವರಿಲ್ಲದೆ ಒಡೆದುಹೋಗಿತ್ತು.

“ಕಾಯಿಸದೆ ಇಟ್ರೆ ಹಾಲು ಕೆಡುತ್ತೆ ಅಂತ ಗೊತ್ತಿಲ್ವಾ? ಅಷ್ಟೂ ನೋಡ್ಕೊಳ್ಳೋಕಾಗಲ್ವಾ ನಿಂಗೆ? ನೀನೀಗ ಚಿಕ್ಕ ಮಗು ಅಲ್ಲ, ಅಕ್ಕ!” ಎಂದು ಅಪ್ಪ ರೇಗಿದ್ದ.

ಅಕ್ಕ ಆಗಿ ಹನ್ನೆರಡು ದಿನವಾಗಿತ್ತು. ಬೈಸಿಕೊಳ್ಳುವುದು ಬಿಟ್ಟರೆ ಅಕ್ಕನಿಗೆ ಬೇರೆ ಕೆಲಸವೇ ಸಿಕ್ಕಿರಲಿಲ್ಲ.

ಇವತ್ತು ಸಿಕ್ಕಿತ್ತು. ಸ್ಕೂಲಿನಿಂದ ಬಂದಾಗ ಕರೆಂಟ್ ಇರಲಿಲ್ಲ. ಫ್ರಿಜ್ಜಿನ ಕೆಳಗೆ ನೀರು ನಿಂತಿತ್ತು. ಬಾಗಿಲು ತೆಗೆದು ಬಾಟ್ಲಿಗಳನ್ನು ಮುಟ್ಟಿ ನೋಡಿದಳು. ಯಾವತ್ತಿನಷ್ಟು ತಣ್ಣಗಿರಲಿಲ್ಲ. ಐದು ಬಾಟ್ಲಿ! ಇದೂ ಒಡೆದುಹೋದರೆ? ಕೇಳೋಣವೆಂದರೆ ಮನೆಯಲ್ಲಿ ಫೋನಿಲ್ಲ. ಹಾಲು ಕಾಯಿಸಲು, ಟೀ ಮಾಡಲು ಗ್ಯಾಸ್ ಹಚ್ಚಬಹುದು ಎಂದು ಅಮ್ಮ ಮೊದಲೇ ಒಪ್ಪಿದ್ದಳು. ಇನ್ನೇಕೆ ತಡ? ಐದನ್ನೂ ಪಾತ್ರೆಗೆ ಸುರಿದಳು. ಎಲ್ಲ ಸೇರಿ ಒಂದು ಟೀ ಲೋಟಕ್ಕೂ ಸಾಲದು.

ಕಾದ ಹಾಲನ್ನು ಆರಿಸಿ, ಮತ್ತೆ ಐದು ಬಾಟ್ಲಿಗೂ ಸಮನಾಗಿ ತುಂಬಿ, ಮುಚ್ಚಳ ಬಿಗಿದಳು.

ಅಪ್ಪ ಬಂದವನು ಬಾಟ್ಲಿಗಳನ್ನು ಡಬ್ಬಿಗೆ ಹಾಕಿಕೊಂಡ. “ಕರೆಂಟ್ ಯಾವಾಗ ಬರುತ್ತೋ ಏನೋ. ಒಬ್ಳೇ ಕತ್ತಲಲ್ಲಿ ಕೂರಬೇಡ. ನಡಿ, ನೀನೂ ಬಾ” ಎಂದ.

ಕಡ್ಡಿ ಬಾಯಿ ಬಿಡಲಿಲ್ಲ. ಅಮ್ಮನ ಎದುರಿಗೇ ಹೇಳಬೇಕೆಂದು ಆಸೆ. ಬೈಕಿನ ಹಿಂದೆ ಡಬ್ಬಿ ತಬ್ಬಿಕೊಂಡು ಕೂತಳು.

ಐಸಿಯುವಿನ ಹೊರಗೆ ಒಂದು ಚಿಕ್ಕ ಕಿಟಕಿ. ಹಸಿರು ಟೋಪಿ ಹಾಕಿದ ಸಿಸ್ಟರ್ ಅಲ್ಲಿ ಹಾಲು ತೆಗೆದುಕೊಳ್ಳುತ್ತಿದ್ದರು. ಅಮ್ಮನೂ ಬಂದು ನಿಂತಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ನಿಮ್ಮ ಪಾಪುಗೆ ಇವತ್ತು ಪ್ರಮೋಷನ್” ಅಂದರು ಸಿಸ್ಟರ್. “ನಾಲ್ಕು ಎಂಎಲ್ ಅರಗಿಸ್ಕೊಂಡಿದ್ದಾನೆ. ಆರು ಗಂಟೆಯಿಂದ ಆರು ಎಂಎಲ್.”

ಕಡ್ಡಿಗೆ ಇನ್ನು ತಡೆಯಲಾಗಲಿಲ್ಲ. “ಹಾಲು ಕೆಡಲ್ಲ ಸಿಸ್ಟರ್! ಕರೆಂಟ್ ಹೋಗಿತ್ತು, ಅದಕ್ಕೆ ನಾನೇ ಚೆನ್ನಾಗಿ ಕಾಯಿಸಿದ್ದೀನಿ!”

ಸಿಸ್ಟರ್ ಕೈ ಅಲ್ಲೇ ನಿಂತಿತು. “ಕಾಯಿಸಿದ್ಯಾ? ಎಲ್ಲಾನೂ?”

“ಎಲ್ಲಾನೂ!”

ಯಾರೂ ಭೇಷ್ ಅನ್ನಲಿಲ್ಲ. ಅಮ್ಮ ಗೋಡೆಗೆ ಒರಗಿಕೊಂಡಳು.

“ಇದು ಪ್ಯಾಕೆಟ್ ಹಾಲಲ್ಲ ಕಣಮ್ಮಾ” ಎಂದು ಸಿಸ್ಟರ್ ಮೆಲ್ಲಗೆ ಹೇಳಿದರು. “ಕುದಿಸಿದ್ರೆ ಇದರ ಶಕ್ತಿ ಹೋಗುತ್ತೆ. ಮನೆ ಪಾತ್ರೆಗೆ ಬೇರೆ ಸುರಿದಿದ್ದೀಯ. ಇಷ್ಟು ಪುಟ್ಟ ಹೊಟ್ಟೆಗೆ ಇದನ್ನ ಕೊಡೋಕಾಗಲ್ಲ.”

ಒಂದೊಂದೇ ಬಾಟ್ಲಿಯ ಮುಚ್ಚಳ ತೆಗೆದು ಹಾಲನ್ನು ಸಿಂಕಿಗೆ ಚೆಲ್ಲಿದರು.

“ರಾತ್ರಿಯೆಲ್ಲಾ ಕೂತು ತೆಗೆದಿದ್ದು ಕಣೇ ಅದು!” ಅಮ್ಮನ ದನಿ ಒಡೆಯಿತು. “ಯಾರು ಹೇಳಿದ್ರು ನಿಂಗೆ ಅದನ್ನ ಮುಟ್ಟು ಅಂತ?”

ಕಡ್ಡಿ ಅಪ್ಪನ ಕಡೆ ನೋಡಿದಳು. ಅಪ್ಪನ ಮುಖ ಹುಳ್ಳಗಾಯಿತು.

“ನಾನೇ ನಿನ್ನೆ ಬೈದಿದ್ದೆ. ಆ ಪ್ಯಾಕೆಟ್ ಹಾಲಿಗೆ” ಎಂದ.

“ಚೆನ್ನಾಗಿದೆ. ಅಪ್ಪ ಮಗಳು ಸೇರಿ ಒಳ್ಳೇ ಕೆಲಸ ಮಾಡಿದ್ರಿ.”

“ಆರಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ” ಅಂದರು ಸಿಸ್ಟರ್. “ಎಷ್ಟು ಬರುತ್ತೋ ಅಷ್ಟು ತೆಗೀರಿ.”

“ಈಗ ತಾನೇ ತೆಗೆದಿದ್ದು ಪಾಪುಗೆ ಕೊಟ್ಟಾಯ್ತಲ್ಲ ಸಿಸ್ಟರ್. ಮತ್ತೆ ಎಲ್ಲಿಂದ ಬರಬೇಕು?” ಎಂದಳು ಅಮ್ಮ. ಆಮೇಲೆ ಅಪ್ಪನಿಗೆ, “ರಾತ್ರಿ ಇಲ್ಲೇ ಇರ್ತೀನಿ. ಇವಳನ್ನ ನೀವು ಕರ್ಕೊಂಡು ಹೋಗಿ” ಎಂದು ಹೇಳಿ, ಪಕ್ಕದ ಕೋಣೆಯ ಪರದೆ ಸರಿಸಿ ಒಳಗೆ ಹೋದಳು.

ಅಮ್ಮ ಇವತ್ತು ಮನೆಗೂ ಬರುವುದಿಲ್ಲ. ಕಡ್ಡಿಗೆ ಅಳು ಒತ್ತರಿಸಿ ಬಂತು. ಅಳಲೂ ನಾಚಿಕೆಯಾಯಿತು. ತಪ್ಪು ಮಾಡಿದವಳು ತಾನೇ ಅಲ್ಲವೇ?

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಮ್ಮನ ದನಿ ಬಂತು. “ಎಷ್ಟು ಹೊತ್ತು ಅಲ್ಲೇ ನಿಂತಿರ್ತೀಯ? ಅಪ್ಪ ಹೊರಗೆ ಕಾಯ್ತಿರ್ತಾರೆ, ನೀನು ಒಳಗೆ ಬಾ. ಮೊಣಕೈವರೆಗೂ ಸೋಪ್ ಹಾಕಿ ಕೈ ತೊಳ್ಕೊಂಡು ಬಾ.”

ಒಳಗೆ ಎರಡು ಕುರ್ಚಿ, ಒಂದು ಮೆಷಿನ್. ಮೆಷಿನ್ ಗುರ್ ಗುರ್ ಅನ್ನುತ್ತಿತ್ತು. ಮನೆಯಲ್ಲೂ ರಾತ್ರಿ ಇದೇ ಸದ್ದು. ನಿದ್ದೆ ಕೆಡುತ್ತದೆ ಅಂತ ಕಡ್ಡಿ ತಲೆಯ ಮೇಲೆ ದಿಂಬು ಒತ್ತಿಕೊಳ್ಳುತ್ತಿದ್ದಳು.

ಅಮ್ಮ ಸೆರಗಿನ ಮರೆಯಲ್ಲಿ ಬಾಟ್ಲಿ ಹಿಡಿದು ಕೂತಿದ್ದಳು. ಕಡ್ಡಿ ಪಕ್ಕದ ಕುರ್ಚಿಯಲ್ಲಿ ಕೂತಳು. ಬಾಟ್ಲಿ ಖಾಲಿ. ಮೆಷಿನ್ ಹಾಕಿದರೆ ನಲ್ಲಿ ತಿರುಗಿಸಿದ ಹಾಗೆ ಹಾಲು ಸುರಿಯುತ್ತದೆ ಎಂದುಕೊಂಡಿದ್ದಳು ಕಡ್ಡಿ. ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಹನಿ ಬಂತು. ಅದು ಬಾಟ್ಲಿಯ ಪಕ್ಕಕ್ಕೆ ಅಂಟಿಕೊಂಡು, ಬಹಳ ಹೊತ್ತು ತೆಗೆದುಕೊಂಡು ಕೆಳಗಿಳಿಯಿತು.

“ಅಮ್ಮಾ, ಪಾಪುಗೆ ಏನಾದ್ರೂ ಆಗುತ್ತಾ?”

“ಬಿಡ್ತು ಅನ್ನು. ಏನೂ ಆಗಲ್ಲ. ಬರದಿದ್ರೆ ಒಂದು ಸಲ ಕಡಿಮೆ ಕುಡೀತಾನೆ.”

“ನಿಂಗೆ ನನ್ ಮೇಲೆ ತುಂಬಾ ಕೋಪ ಇದೆಯಾ?”

“ಇದೆ. ಆದ್ರೆ ಕೋಪ ಮಾಡ್ಕೊಳ್ಳೋಕೂ ಶಕ್ತಿ ಇಲ್ಲ ಕಣೇ.”

ಹೇಳುತ್ತಲೇ ಅಮ್ಮನ ಕಣ್ಣು ಮುಚ್ಚಿಕೊಂಡವು. ತಲೆ ವಾಲಿ ಕಡ್ಡಿಯ ಭುಜದ ಮೇಲೆ ಬಂತು. ಬಾಟ್ಲಿ ಹಿಡಿದ ಕೈ ಸಡಿಲವಾಯಿತು. ಕಡ್ಡಿ ಬೇಗ ಕೈ ಚಾಚಿ ಬಾಟ್ಲಿಯನ್ನು ಕೆಳಗಿನಿಂದ ಹಿಡಿದುಕೊಂಡಳು.

ಕಾಲು ಜೋಮು ಹಿಡಿಯಿತು. ಮೂಗು ತುರಿಸಿತು. ಅವಳು ಅಲುಗಲಿಲ್ಲ.

ಆರಕ್ಕೆ ಐದು ನಿಮಿಷ ಇದ್ದಾಗ ಸಿಸ್ಟರ್ ಬಂದರು. ಅಮ್ಮನನ್ನು ಎಬ್ಬಿಸದೆ ಮೆಷಿನ್ ನಿಲ್ಲಿಸಿ, ಬಾಟ್ಲಿ ಬಿಡಿಸಿ ದೀಪಕ್ಕೆ ಹಿಡಿದರು.

“ಏಳು ಎಂಎಲ್” ಎಂದು ಪಿಸುಗುಟ್ಟಿದರು.

“ಸಾಕಾ ಸಿಸ್ಟರ್?”

“ಈಗಿನ ಮಟ್ಟಿಗೆ ಸಾಕು.”

ಅವರು ಹೋದ ಮೇಲೆ ಅಮ್ಮ ಬೆಚ್ಚಿ ಎಚ್ಚರವಾದಳು. “ಬಾಟ್ಲಿ ಎಲ್ಲಿ?”

“ಸಿಸ್ಟರ್ ತಗೊಂಡು ಹೋದ್ರು. ಏಳು ಬಂತಮ್ಮಾ.”

“ಏಳಾ?” ಅಮ್ಮ ಉಸಿರು ಬಿಟ್ಟಳು. “ಇನ್ನು ಎಂಟಕ್ಕೆ ನೋಡಬೇಕು.”

“ಎಂಟಕ್ಕೆ ಮತ್ತೆ ತೆಗೀಬೇಕಾ?”

“ಹ್ಞೂಂ.”

“ಹತ್ತಕ್ಕೆ?”

“ಹ್ಞೂಂ.”

“ಹನ್ನೆರಡಕ್ಕೂ?”

ಅಮ್ಮನ ತಲೆ ಮತ್ತೆ ಭುಜಕ್ಕೆ ವಾಲಿತ್ತು. ಉಳಿದದ್ದನ್ನು ಕಡ್ಡಿ ಕೇಳಲಿಲ್ಲ. ಮನೆಯಲ್ಲಿ ನಿನ್ನೆ ರಾತ್ರಿ ಮೆಷಿನ್ ಗುರುಗುಟ್ಟಿದ್ದನ್ನು ಬೆರಳು ಮಡಚಿ ತಾನೇ ಎಣಿಸಿದಳು. ಹತ್ತು, ಹನ್ನೆರಡು, ಎರಡು, ನಾಲ್ಕು, ಆರು.

ಐದು ಬೆರಳೂ ಮುಗಿದವು. ಐದು ಬಾಟ್ಲಿ. ಮಡಚಿದ ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು, ಅಮ್ಮನಿಗೆ ಎಚ್ಚರವಾಗದಂತೆ ಕೂತಳು.